ಕೊಬ್ಬರಿ ಮಿಷನ್ನಿನ ಮೇಲೆ ಅತ್ತೆ

ಡಿಸೆಂಬರ್ 4, 2024, ಬುಧವಾರ

ಇವತ್ತು ಅತ್ತೆಯನ್ನು ಕದ್ದು ತೂಗಿಸಿದೆ.

ರೇಷನ್ನಿಗೆ ಹೆಬ್ಬೆಟ್ಟು ಕೊಡಬೇಕೆಂದು ಹೇಳಿ ಸೊಸೈಟಿಗೆ ಕರೆದುಕೊಂಡು ಹೋಗಿದ್ದೆ. ಹೆಬ್ಬೆಟ್ಟಾಯಿತು, ಅಕ್ಕಿ ರಾಗಿ ಚೀಲಕ್ಕೆ ಬಿತ್ತು. ಜನ ಚದುರುವವರೆಗೆ ಕಾದು, ಸೊಸೈಟಿಯ ಕಲ್ಲಪ್ಪನಿಗೆ ಮೆಲ್ಲಗೆ, "ಕಲ್ಲಪ್ಪಣ್ಣ, ಇವರನ್ನೂ ಒಂದ್ ಗಳಿಗೆ ಮಿಷನ್ ಮೇಲೆ ನಿಲ್ಸಪ್ಪ" ಎಂದೆ. ಅವನು ಅಕ್ಕಿ ಮೂಟೆ ನೋಡಿದ, ಅತ್ತೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಅಮ್ಮಾರೆ, ಇವರನ್ನ ಯಾವ ಕಾರ್ಡಿಗೆ ಕೊಡ್ಲಿ?" ಎಂದ.

ನಲವತ್ತು ಕೆಜಿ! ಜುಲೈನಲ್ಲಿ ನನ್ನ ಕೈಗೆ ಬಂದಾಗ ನಲವತ್ತೆರಡಿದ್ದರು. ಸಂಕ್ರಾಂತಿಗೆ ಮತ್ತೆ ನನ್ನ ಓರಗಿತ್ತಿ ಆ ಯಶೋದಳ ತೂಕದ ಮಿಷನ್ನು ಹತ್ತಬೇಕು. ಎರಡು ಕೆಜಿ ಕಮ್ಮಿ ಬಂದರೆ ಪಂಚನಹಳ್ಳಿಯಲ್ಲಿ ನಾನು ತಲೆ ಎತ್ತಿ ತಿರುಗುವ ಹಾಗಿಲ್ಲ.

ಇದಕ್ಕೆಲ್ಲ ಮೂಲ ಕರಿಸಿದ್ದಪ್ಪನವರು. ನಮ್ಮ ಮನೆ ಭಾಗವಾದಾಗ ಹಿರಿಯರಾಗಿ ಕೂತಿದ್ದವರು ಅವರೇ. ಹೊಲ, ತೆಂಗಿನ ತೋಟ, ಬೋರ್‌ವೆಲ್ ನೀರಿನ ಸರದಿ ಎಲ್ಲ ಹಂಚಿದ ಮೇಲೆ ಅತ್ತೆ ಒಬ್ಬರು ಉಳಿದರು. ಪಂಚಾಂಗ ತರಿಸಿ ನೋಡಿದರು ಮಹಾನುಭಾವರು. "ಉತ್ತರಾಯಣ ದೊಡ್ಡೋನು ತೀರ್ಥಪ್ಪಂಗೆ, ದಕ್ಷಿಣಾಯನ ಚಿಕ್ಕೋನು ಸಿದ್ದಲಿಂಗೇಶಂಗೆ" ಎಂದುಬಿಟ್ಟರು. ಸಿದ್ದಲಿಂಗೇಶ ಎಂದರೆ ನನ್ನ ಮನೆಯವರು. ಕೂತವರೆಲ್ಲ ಭೇಷ್ ಎಂದರು. ಹಂಚಿಕೆ ಹೇಗಿದೆ ನೋಡಿ: ಯುಗಾದಿ, ಮಾವಿನಹಣ್ಣು, ಮದುವೆ ಮನೆ ಊಟ ಎಲ್ಲ ಭಾವನವರ ಮನೆಗೆ. ಜಡಿಮಳೆ, ಕೆಮ್ಮು, ಮಾಗಿಯ ಚಳಿ ನಮಗೆ. ಸೂರ್ಯನನ್ನೂ ಭಾಗ ಮಾಡಿಕೊಂಡ ಮನೆತನ ನಮ್ಮದು.

ಆದರೂ ನಾನೂ ಯಶೋದಳೂ ಚೆನ್ನಾಗಿಯೇ ಇದ್ದೆವು. ಹೋದ ಸಂಕ್ರಾಂತಿಗೆ ಕೆಟ್ಟಿತು. ಭಾವನವರದು ಕೊಬ್ಬರಿ ವ್ಯಾಪಾರ. ಜಗಲಿ ಮೇಲೆ ಹೊಸ ತೂಕದ ಮಿಷನ್ನು ಬಂದಿತ್ತು. ಅತ್ತೆಯನ್ನು ಒಪ್ಪಿಸಲು ಹೋದರೆ ಈ ಮಹಾತಾಯಿ ಮೊದಲು ಮಿಷನ್ನಿನ ಮೇಲೆ ಕೂರಿಸಿದಳು. ಮೂವತ್ತೊಂಬತ್ತು ತೋರಿಸಿತು. "ನೋಡ್ರಪ್ಪಾ, ನಮ್ಮತ್ತೇನ ಕೊಬ್ಬರಿ ಒಣಗಿಸ್ದಂಗೆ ಒಣಗಿಸಿ ಕಳಿಸವ್ಳೆ!" ಎಂದು ಎಳ್ಳು ಬೀರಲು ಬಂದ ಹೆಂಗಸರ ಮುಂದೆ ನಕ್ಕಳು. ನಾನು ಬಿಡುತ್ತೇನೆಯೇ? ಜುಲೈನಲ್ಲಿ ವಾಪಸು ಕರೆದುಕೊಳ್ಳುವಾಗ ಅದೇ ಮಿಷನ್ನಿನ ಮೇಲೆ ಕೂರಿಸಿದೆ. ನಲವತ್ತೆರಡು ಬಂತು. "ಓಹೋ, ತೂಕ ಬರ್ಲಿ ಅಂತ ನೀರು ಹೊಡೆದವ್ರೆ" ಎಂದೆ. ಕೊಬ್ಬರಿ ವ್ಯಾಪಾರದವರಿಗೆ ಆ ಮಾತು ಹೇಳಿದರೆ ತಾಯಿಯನ್ನು ಬೈದ ಹಾಗೆ. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಮಾತಿಲ್ಲದೆ ನನಗೇನೂ ತೊಂದರೆಯಿಲ್ಲ. ತುಂಬಾ ಆರಾಮವಾಗಿದ್ದೇನೆ.

ಡಿಸೆಂಬರ್ 8, ಭಾನುವಾರ

ಅವರೆಕಾಯಿಗೆ ಈಗ ಸೊಗಡು ಬಂದಿದೆ. ಬೆಳಗಿನಿಂದ ನಾನೂ ಮಗಳು ದೀಪಶ್ರೀಯೂ ಕಾಳು ಹಿತುಕಿದ್ದೇ ಹಿತುಕಿದ್ದು, ಬೆರಳು ಸೆಟೆದುಕೊಂಡಿದೆ. ಅತ್ತೆಗೆ ಹಿತಕಿದ ಬೇಳೆ ಸಾರು, ಮುದ್ದೆ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಮುದ್ದೆ ತಟ್ಟೆಗೆ ಉರುಳಿಸಿದೆ.

"ಏನೇ ಮಲ್ಲಿ, ಸಂತೆಗೆ ಹೊಡೆಯೋ ಹೋರೀನ ಮೇಯಿಸ್ದಂಗೆ ಮೇಯಿಸ್ತಿದೀಯ?" ಎಂದರು ಅತ್ತೆ.

"ಚಳಿಗಾಲ ಅಲ್ವಾ ಅತ್ತೆ, ಮೈಯಾಗೆ ಶಕ್ತಿ ಇರ್ಲಿ ಅಂತ."

"ಸೊಸೈಟೀಲಿ ಅಕ್ಕಿ ಮಿಷನ್ ಮೇಲೆ ನಿಲ್ಸಿದ್ದು ಶಕ್ತಿ ನೋಡಕ್ಕಾ? ನನ್ ಕಣ್ಣು ಮಂಜಾದ್ರೂ ಬುದ್ಧಿ ಮಂಜಾಗಿಲ್ಲ ಕಣೇ. ಹೋಗ್ಲಿ, ನಂಗೇನ್ ನಷ್ಟ. ಮಧ್ಯಾಹ್ನಕ್ಕೆ ಹುರಿಹಿಟ್ಟು ಕಲ್ಸು. ಬೆಲ್ಲ ಒಂದಿಷ್ಟು ಮುಂದಾಗಿರ್ಲಿ."

ಸಂಜೆ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಗೋಡೆಯಾಚೆ ಭಾವನವರ ಹಿತ್ತಲಲ್ಲಿ ಬಳೆ ಸದ್ದು ಕೇಳಿತು. "ತಿನ್ನು ಗೌರಿ, ತಿನ್ನು ತಾಯಿ. ಕೆಲವರ ಮನೇಲಿ ಎಲ್ಲಾದಕ್ಕೂ ನೀರು ಹೊಡಿತಾರಂತೆ, ನಮ್ಮನೇಲಿ ಹಂಗಿಲ್ಲ" ಎಂದು ಹಸುವಿಗೆ ಗಟ್ಟಿಯಾಗಿಯೇ ಹೇಳಿದೆ.

ಯಶೋದ ತನ್ನ ನಾಯಿಗೆ ಹೇಳಿದಳು: "ಲೇ ರಾಜು, ಬೊಗಳೋರು ಬೊಗಳ್ಕೊಳ್ಳಲಿ. ನೀನು ಬಾಯಿ ನೋಯಿಸ್ಕೋಬ್ಯಾಡ ಕಣಪ್ಪ."

ನಾಯಿ, ಪಾಪ, ಬಾಯಿ ಬಿಟ್ಟಿರಲೇ ಇಲ್ಲ.

ಡಿಸೆಂಬರ್ 13, ಶುಕ್ರವಾರ

ಸೊಸೈಟಿಗೆ ಮತ್ತೆ ಹೋಗಿದ್ದೆವು. ನಲವತ್ತೊಂದೂವರೆ! ಕಲ್ಲಪ್ಪನಿಗೆ ಒಂದು ಗೊನೆ ಬಾಳೆಹಣ್ಣು ಕೊಡೋಣವೆನ್ನಿಸಿತು. ಎರಡು ಹಣ್ಣು ಕೊಟ್ಟೆ.

ಮನೆಗೆ ಬಂದು ಅತ್ತೆಯ ಹಾಸಿಗೆ ಕೊಡವಿದರೆ ದಿಂಬಿನಡಿಯಲ್ಲಿ ಕೊಡುಬಳೆ! ಮುರಿದು ಬಾಯಿಗೆ ಹಾಕಿಕೊಂಡೆ. ಓಂಕಾಳು, ಇಂಗು, ಹುರಿಗಡಲೆ ಹಿಟ್ಟು. ಯಶೋದಳ ಕೈ, ಸಂಶಯವೇ ಇಲ್ಲ. ಆ ಕೈಯ ಕೊಡುಬಳೆ ತಿಂದು ಒಂದು ವರ್ಷವಾಗಿತ್ತು. ಪರೀಕ್ಷೆಗೆಂದು ಇನ್ನೂ ಮೂರು ತಿನ್ನಬೇಕಾಯಿತು.

ಮಧ್ಯಾಹ್ನ ನಾನು ಮಲಗಿದಾಗ ಹಿತ್ತಲ ಗೋಡೆಯ ಮೇಲಿಂದ ಸರಬರಾಜು ನಡೆಯುತ್ತಿದೆ. ಕುತಂತ್ರ ಹೊಳೆಯಿತು. ಕುರುಕಲು ತಿನ್ನಿಸಿ ಊಟದ ಹಸಿವು ಕೆಡಿಸುವುದು, ತೂಕ ಇಳಿಸುವುದು, ಊರ ಮುಂದೆ ನನ್ನ ಮರ್ಯಾದೆ ತೆಗೆಯುವುದು!

ಕಡೂರಿನ ಕಾಲೇಜಿನಿಂದ ಬಂದ ದೀಪಶ್ರೀಗೆ ಹೇಳಿದೆ. "ಅಮ್ಮಾ, ಎಣ್ಣೇಲಿ ಕರಿದಿದ್ದು ತಿಂದ್ರೆ ತೂಕ ಏರುತ್ತೆ. ದೊಡ್ಡಮ್ಮ ತಾನೇ ಸೋಲೋ ಕೆಲಸ ಯಾಕ್ ಮಾಡ್ತಾರೆ?" ಎಂದು ಕೇಳಿದಳು. ಬಿ.ಎಡ್. ಓದಿದ ಮಾತ್ರಕ್ಕೆ ಲೋಕ ತಿಳಿಯುವುದಿಲ್ಲ. ಉಳಿದ ಕೊಡುಬಳೆಯನ್ನು ಡಬ್ಬಿಗೆ ಹಾಕಿ ಮೇಲಿಟ್ಟಿದ್ದೇನೆ, ಸಾಕ್ಷಿಗಿರಲಿ.

ಡಿಸೆಂಬರ್ 19, ಗುರುವಾರ

ಎಂಥ ಚಳಿ! ಬೆಳಗ್ಗೆ ತೋಟದಲ್ಲಿ ಪಕ್ಕದ ಮರ ಕಾಣದಷ್ಟು ಮಂಜು. ರಸ್ತೆಯ ಮೇಲೆ ಹರಡಿದ ರಾಗಿ ತೆನೆ ಒದ್ದೆಯಾಗಿ ಬಸ್ಸು ಹಾದರೂ ಕಾಳು ಉದುರುತ್ತಿಲ್ಲವೆಂದು ಇವರು ಗೊಣಗುತ್ತ ಬಂದರು.

ಅತ್ತೆಗೆ ನೆಗಡಿ. ಮುದ್ದೆ ಅರ್ಧಕ್ಕೇ ಬಿಟ್ಟರು. ನಾಟಕವೇನೋ ಅಂದುಕೊಂಡೆ.

ಡಿಸೆಂಬರ್ 22, ಭಾನುವಾರ

ನಾಟಕವಲ್ಲ. ಕಡೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಎದೆಯಲ್ಲಿ ಕಫ ಕಟ್ಟಿದೆಯಂತೆ. ಇಂಜೆಕ್ಷನ್ ಹಾಕಿ, ಮಾತ್ರೆ ಬರೆದುಕೊಟ್ಟು, "ವಯಸ್ಸಾಗಿದೆ, ಹುಷಾರಾಗಿ ನೋಡ್ಕೊಳ್ಳಿ" ಎಂದರು. ವಯಸ್ಸಾಗಿದೆ ಎಂದು ಹೇಳುವುದಕ್ಕೆ ಡಾಕ್ಟರೇ ಬೇಕೆ?

ಕಾರಿನಲ್ಲಿ ಬರುವಾಗ ಅತ್ತೆ ನನ್ನ ಹೆಗಲಿಗೆ ಒರಗಿದ್ದರು. ಭಾರವೇ ಇರಲಿಲ್ಲ.

ಡಿಸೆಂಬರ್ 24, ಮಂಗಳವಾರ

ಎರಡು ಚಮಚ ಗಂಜಿ. ಅದೂ ನಿಲ್ಲಲಿಲ್ಲ.

ಅತ್ತೆ ಹೋಗಿಬಿಟ್ಟರೆ ಎಂದು ನನಗೆ ತುಂಬಾ ಹೆದರಿಕೆಯಾಗಿದೆ. ನನ್ನ ದಕ್ಷಿಣಾಯನದಲ್ಲಿ ಹೋದರು ಎನ್ನುವ ಮಾತು ಬರುತ್ತದಲ್ಲ, ಅದಕ್ಕೆ. ಅದಕ್ಕೊಂದೇ ಅಲ್ಲ.

ಡಿಸೆಂಬರ್ 26, ಗುರುವಾರ

ಬೆಳಗ್ಗೆ ಸಗಣಿ ಬಾಚುತ್ತಿದ್ದಾಗ ಗೋಡೆಯಾಚೆಯಿಂದ ಯಶೋದಳ ದನಿ ಬಂತು. "ಲೇ ರಾಜು, ಎದೆ ಕಟ್ಕೊಂಡ್ರೆ ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪದ ಮೇಲೆ ಬೆಚ್ಚಗೆ ಮಾಡಿ ಹಾಕ್ಬೇಕು ಕಣಪ್ಪ. ನನ್ ಮಗ ರೇಣುಕಪ್ರಸಾದ ಕೂಸಾಗಿದ್ದಾಗ ಅತ್ತೇನೇ ಹಾಕಿದ್ರು. ಎಲೆ ಬಾಡಿದ ತಕ್ಷಣ ಬದಲಾಯಿಸ್ಬೇಕು, ಕೇಳಿಸ್ತಾ?"

ಆ ನಾಯಿ ಎದೆ ಕಟ್ಟಿಕೊಂಡು ಮಲಗಿರಲಿಲ್ಲ, ಕೋಳಿ ಅಟ್ಟಿಕೊಂಡು ಓಡುತ್ತಿತ್ತು. ನಾನು ಒಳಗೆ ಹೋಗಿ ವೀಳ್ಯದೆಲೆಗೆ ಹರಳೆಣ್ಣೆ ಸವರಿದೆ. ಅವಳು ಹೇಳಿದಳೆಂದಲ್ಲ; ನನಗೂ ಗೊತ್ತಿದ್ದ ಔಷಧ, ಮರೆತಿತ್ತು ಅಷ್ಟೆ.

ಮಧ್ಯಾಹ್ನ ಗೋಡೆಯ ಮೇಲೆ ಒಂದು ತಪ್ಪಲೆ ಕುಳಿತಿತ್ತು. ಮೆಣಸಿನ ಸಾರು, ಬೆಳ್ಳುಳ್ಳಿ ಜಜ್ಜಿ ಹಾಕಿದ್ದು, ಹೊಗೆಯಾಡುತ್ತಿತ್ತು. ಅತ್ತೆ ಅದರಲ್ಲಿ ಕಾಲು ಲೋಟ ಕುಡಿದರು. ನಾನು ಮಾಡಿದ್ದನ್ನು ಮುಟ್ಟದವರು ಅದನ್ನು ಕುಡಿದರು. ಹೊಟ್ಟೆ ಉರಿಯಿತು. ಕುಡಿದರಲ್ಲ ಎಂದು ಸಮಾಧಾನವೂ ಆಯಿತು.

ಡಿಸೆಂಬರ್ 29, ಭಾನುವಾರ

ತಪ್ಪಲೆಯನ್ನು ಬರಿದು ಮಾಡಿ ವಾಪಸು ಇಡುವ ಪದ್ಧತಿ ನಮ್ಮಲ್ಲಿಲ್ಲ. ಅವರೆಕಾಳು ಉಸಲಿ ಹಾಕಿ ಗೋಡೆಯ ಮೇಲಿಟ್ಟೆ. ಅವಳಿಗೂ ಬರಿದು ಮಾಡಿ ಇಡಲಾಗದು. ರಾಗಿ ಗಂಜಿ ಬಂತು. ನಾನು ನುಚ್ಚಿನುಂಡೆ ಇಟ್ಟೆ. ಮತ್ತೆ ಸಾರು ಬಂತು. ದಿನಕ್ಕೆರಡು ಸಲ ತಪ್ಪಲೆ ಓಡಾಡುತ್ತಿದೆ. "ಅಮ್ಮಾ, ಇದಕ್ಕಿಂತ ಮಾತಾಡೋದೇ ಸಲೀಸು" ಎಂದಳು ದೀಪಶ್ರೀ. ಇದು ಪಾತ್ರೆ ವ್ಯವಹಾರ, ಮಾತಿನ ವ್ಯವಹಾರವಲ್ಲ ಎಂದು ಬಿಡಿಸಿ ಹೇಳಿದೆ.

ಈ ಹೊತ್ತು ಹಸುವಿಗೆ ಹೇಳಿದೆ: "ಗೌರಿ, ಜ್ವರ ಬಿಟ್ಟೈತೆ ಕಣೇ. ನಿದ್ದೆ ಮಾಡ್ತಾವ್ರೆ."

ಆಚೆ ಕಡೆ ಬಳೆ ಸದ್ದು ನಿಂತಿತು. ಆಮೇಲೆ ಮೂಗು ಸೀನಿದ ಸದ್ದು. ನಾಯಿಯದಲ್ಲ.

ಜನವರಿ 2, ಗುರುವಾರ

ಅತ್ತೆ ಎದ್ದು ಕೂತು, "ಇದೇನ್ ಕಾಫೀನಾ, ಲೋಟ ತೊಳೆದ ನೀರಾ?" ಎಂದರು. ನಾನು ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ಇಪ್ಪತ್ತೈದು ವರ್ಷ ನನ್ನ ಕಾಫಿಗೆ ಹೆಸರಿಟ್ಟ ಬಾಯಿ ಮತ್ತೆ ಹೆಸರಿಟ್ಟಿತು. ಇನ್ನೇನು ಬೇಕು ನನಗೆ?

ಜನವರಿ 8, ಬುಧವಾರ

ಸೊಸೈಟಿ. ಮೂವತ್ತೇಳು.

"ಅಮ್ಮಾರೆ, ಈ ತಿಂಗಳು ಕಮ್ಮಿ ಬಂದೈತೆ" ಎಂದ ಕಲ್ಲಪ್ಪ. ಅವನನ್ನು ಬೈದೆ. ಅವನ ತಪ್ಪೇನೂ ಇಲ್ಲ.

ಸಂಕ್ರಾಂತಿ ಮುಂದಿನ ಮಂಗಳವಾರ. ಆರು ದಿನಕ್ಕೆ ಐದು ಕೆಜಿ ಏರಿಸಲು ಅತ್ತೆಯೇನು ಕುಂಬಳಕಾಯಿಯೇ? ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದೇನೆ, ಬೆರಳನ್ನೂ ಹೆಚ್ಚಿಕೊಂಡೆ. ಒಳಗಿನಿಂದ ಅತ್ತೆ, "ಒಣಗಿಸಿ ಕಳಿಸವ್ಳೆ ಅಂತಾಳೆ ಈ ಸಲಾನೂ" ಎಂದು ನಕ್ಕರು. ನನ್ನ ಪ್ರಾಣ ಹೋಗುತ್ತಿದ್ದರೆ ಇವರಿಗೆ ತಮಾಷೆ.

ಜನವರಿ 10, ಶುಕ್ರವಾರ

ಉಪಾಯ ಸಿಕ್ಕಿತು. ಹಿಂದೆ ನಮ್ಮ ಮನೆಯವರು ಇಟ್ಟಿದ್ದ ಅಂಗಡಿಯ ಕಬ್ಬಿಣದ ತೂಕದ ಬಟ್ಟುಗಳು ಅಟ್ಟದ ಮೇಲೆ ಬಿದ್ದಿದ್ದವು. ಬಟ್ಟೆಯ ಪಟ್ಟಿಗೆ ಜೇಬು ಹೊಲಿದು ಎರಡೆರಡು ಕೆಜಿಯ ಎರಡು ಬಟ್ಟು ತುಂಬಿದೆ. ಸಾಲದಿದ್ದುದಕ್ಕೆ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ. ಸೊಂಟಕ್ಕೆ ಕಟ್ಟಿ ಮೇಲೆ ಸೀರೆ ಉಡಿಸಿದರೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ಅತ್ತೆ ಬೇಡವೆನ್ನುತ್ತಾರೆಂದುಕೊಂಡಿದ್ದೆ. ಮದುವಣಗಿತ್ತಿಯ ಹಾಗೆ ಖುಷಿಯಾಗಿ ನಿಂತು ಕಟ್ಟಿಸಿಕೊಂಡರು. "ಇನ್ನೊಂದ್ ಬಟ್ಟು ಐತೇನೇ? ಆ ಯಶೋದ ಬಾಯ್ ಬಿಟ್ಕೊಂಡು ನೋಡ್ಬೇಕು" ಎಂದು ಹುರಿದುಂಬಿಸಿದರು. ನಮ್ಮ ಮನೆಯವರು ಟಿ.ವಿ. ನೋಡುತ್ತಿದ್ದಾಗ ನಡುಮನೆಯಲ್ಲಿ ನಡೆದು ಅಭ್ಯಾಸ ಮಾಡಿಸಿದೆ. ಗಂಟು ಸಡಿಲವಾಗಿ ಕುಟ್ಟಾಣಿ ಇವರ ಕಾಲ ಬೆರಳ ಮೇಲೇ ಬಿತ್ತು.

"ಅಯ್ಯಯ್ಯಪ್ಪಾ! ಏನವ್ವಾ ಬಿತ್ತು?"

"ನನ್ನ ತೂಕ ಕಣೋ" ಎಂದರು ಅತ್ತೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಬೆಳಗ್ಗೆ ಅತ್ತೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ಸೊಂಟದ ಎಲುಬಿನ ಮೇಲೆ ಎರಡು ಕಡೆ ನೀಲಿಗಟ್ಟಿತ್ತು. ಬಟ್ಟು ಒತ್ತಿದ ಗುರುತು. ಮೂರು ದಿನ ಅಭ್ಯಾಸ ಮಾಡಿಸಿದ್ದೆನಲ್ಲ, ಒಂದು ಸಲವೂ ನೋವೆಂದಿರಲಿಲ್ಲ.

ಪಟ್ಟಿ ಕಟ್ಟಲಿಲ್ಲ. "ತರ್ತೀಯೋ ಇಲ್ವೋ? ಒಂದ್ ಗಳಿಗೆ ತಾನೆ, ತಡ್ಕೋತೀನಿ. ನೀನ್ ಸೋಲೋದು ನಂಗಿಷ್ಟ ಇಲ್ಲ ಕಣೇ" ಎಂದು ಹಟ ಮಾಡಿದರು. "ಸೋತ್ರೆ ಸೋತೆ. ಸುಮ್ನೆ ಕೈ ಎತ್ತಿ ಅತ್ತೆ" ಎಂದು ಹೊಸ ಸೀರೆ ಉಡಿಸಿದೆ. ಬಟ್ಟುಗಳನ್ನು ಅಟ್ಟಕ್ಕೆ ಎಸೆದ ಸದ್ದಿಗೆ ಬೆಕ್ಕು ಹೆದರಿ ಓಡಿತು.

ಹನ್ನೊಂದರ ಹೊತ್ತಿಗೆ ಭಾವನವರ ಜಗಲಿಯಲ್ಲಿ ಜನವೋ ಜನ. ಹೋದ ವರ್ಷದ ತಮಾಷೆ ಊರಿಗೆಲ್ಲ ಗೊತ್ತಲ್ಲ. ಎಳ್ಳು ಬೀರುವ ನೆಪದಲ್ಲಿ ಹೆಂಗಸರೆಲ್ಲ ಅಲ್ಲಿಗೇ ಬಂದು ನಿಂತಿದ್ದರು. ಕರಿಸಿದ್ದಪ್ಪನವರಿಗೆ ಕುರ್ಚಿ. ಮಿಷನ್ನು ಒರೆಸಿ ಇಟ್ಟಿತ್ತು. ಅಂಕಿ ತೋರಿಸುವ ಡಬ್ಬಿ ಗೋಡೆ ಕಡೆಗೆ. ಅದರ ಮುಂದೆ ಯಶೋದ, ಪಕ್ಕದಲ್ಲಿ ನಾನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅತ್ತೆಯನ್ನು ನಾನೇ ಹತ್ತಿಸಿದೆ. ಅಂಕಿ ಕುಣಿಯಿತು, ಕುಣಿದು ನಿಂತಿತು. ಮೂವತ್ತೇಳು ಚಿಲ್ಲರೆ. ಈ ಹೆಂಗಸು ಕೊಬ್ಬರಿ ತೂಕದಲ್ಲಿ ಸ್ವಂತ ತಮ್ಮನಿಗೂ ಒಂದು ಹೋಳು ಬಿಟ್ಟುಕೊಟ್ಟವಳಲ್ಲ. ಇನ್ನು ನನ್ನನ್ನು ಬಿಡುತ್ತಾಳೆಯೇ!

ಯಶೋದ ಡಬ್ಬಿಯನ್ನು ನೋಡಿದಳು. ಅತ್ತೆಯ ಕೊರಳ ಎಲುಬನ್ನು ನೋಡಿದಳು. ಆಮೇಲೆ ನನ್ನ ಕಣ್ಣ ಕೆಳಗಿನ ಕಪ್ಪನ್ನು ಒಂದು ಗಳಿಗೆ ನೋಡಿದಳು. ಜಗಲಿ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ಕೂಗಿದಳು:

"ನಲವತ್ಮೂರು!"

ಜನ ಹೋ ಎಂದರು. "ಭೇಷ್ ಮಲ್ಲಿಕಾಂಬ! ಅಷ್ಟ್ ಕಾಯಿಲೆ ಬಿದ್ದೋರ್ನ ಒಂದ್ ಕೆಜಿ ಏರ್ಸಿದ್ದೀಯಲ್ಲವ್ವ" ಎಂದು ಕರಿಸಿದ್ದಪ್ಪನವರು ಕೋಲು ಕುಟ್ಟಿದರು.

ಒಂದು ವರ್ಷದಿಂದ ಈ ಮಾತಿಗೇ ಕಾದಿದ್ದೆ. ಸುಮ್ಮನಿದ್ದರೆ ಗೆದ್ದಿದ್ದೆ. ನನ್ನ ಹಾಳು ಬಾಯಿ ಇರಲಾರದೆ, "ಅಕ್ಕಾ, ಸರಿಯಾಗ್ ನೋಡಕ್ಕಾ. ಮೂವತ್ತೇಳಲ್ವಾ?" ಎಂದು ಪಿಸುಗುಟ್ಟಿತು.

"ನಂಗೂ ಕಣ್ಣವೆ ಕಣೇ" ಎಂದಳು ಯಶೋದಕ್ಕ ಹಲ್ಲು ಕಚ್ಚಿ. "ಬಾಯ್ಮುಚ್ಕೊಂಡು ಅತ್ತೇನ ಇಳ್ಸು, ಕಾಲು ನಡುಗ್ತಾವೆ."

ನಾನೊಂದು ರಟ್ಟೆ, ಅವಳೊಂದು ರಟ್ಟೆ ಹಿಡಿದು ಇಳಿಸಿದೆವು. ಅತ್ತೆ ನಮ್ಮಿಬ್ಬರ ನಡುವೆ ನಿಂತು, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ರೇ ಅಂದ್ರೆ, ತಿನ್ನೋಕ್ ಮುಂಚೇನೇ ಸುಳ್ಳು ಶುರು ಮಾಡಿದ್ರಾ?" ಎಂದು ನಮಗಿಬ್ಬರಿಗೆ ಮಾತ್ರ ಕೇಳುವಂತೆ ಹೇಳಿದರು.

ಊರಿಗೇ ಕೇಳುವಂತೆ ಸುಳ್ಳು ಹೇಳಿದಳಲ್ಲ ಆ ಹೆಂಗಸು! ಅಂಥ ಮೋಸದ ತೂಕವನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಜನವರಿ 16, ಗುರುವಾರ

ಅತ್ತೆ ಆಚೆ ಮನೆಗೆ ಹೋದ ಮೇಲೆ ತುಂಬಾ ನೆಮ್ಮದಿ. ರಾತ್ರಿ ಕೆಮ್ಮಿಲ್ಲ, ಬೆಳಗ್ಗೆ ಕಾಫಿಗೆ ಹೆಸರಿಡುವವರಿಲ್ಲ. ನೆಮ್ಮದಿಯಾಗಿ ಬೆಳಗಿನಿಂದ ಮೂರು ಸಲ ಆಚೆ ಮನೆಗೆ ಹೋಗಿ ಬಂದೆ. ಮೊದಲ ಸಲ ಮಾತ್ರೆ ಕೊಡಲು, ಎರಡನೆಯ ಸಲ ಮಾತ್ರೆ ಕೊಟ್ಟರೋ ಎಂದು ಕೇಳಲು. ಮೂರನೆಯ ಸಲ ಯಾಕೆ ಹೋದೆನೋ ನೆನಪಿಲ್ಲ.

"ಹೊಸಲ ಮೇಲೆ ನಿಂತ್ಕೊಂಡು ಏನ್ ಇಣುಕ್ತೀಯೇ? ಒಳೀಕ್ ಬಾ" ಎಂದಳು ಯಶೋದಕ್ಕ. ಒಳಗೆ ಹೋದೆ. ಅತ್ತೆಗೆ ಅನ್ನ ಕಲಸುತ್ತಿದ್ದಳು. ಗಟ್ಟಿಯಾಯಿತು, ಹೀಗೆ ಕಲಸಿದರೆ ಗಂಟಲಿಗೆ ಇಳಿಯುವುದಿಲ್ಲ ಎಂದೆ. "ಓಹೋ, ಬಂದ್ಬಿಟ್ಲು ಹೇಳಕ್ಕೆ" ಎಂದು ತಟ್ಟೆಯನ್ನು ನನ್ನ ಕೈಗೇ ತುರುಕಿದಳು.

ಕೂತು ತಿನ್ನಿಸಿದೆ. ಅತ್ತೆ ಕಣ್ಣು ಮಿಟುಕಿಸಿ ತುಪ್ಪದ ಗಿಂಡಿಯ ಕಡೆ ತೋರಿಸಿದರು. ಹೇಗೂ ಅವಳ ಮನೆಯ ತುಪ್ಪ; ಬಗ್ಗಿಸಿ ಸುರಿದೆ.